ಹಸಿರು ಬಾಟಲಿಯ ಚರಿತ್ರೆ

ದೋಹಾದ ಬಿನ್ ಮಹಮೂದ್ ಬಡಾವಣೆಯ ನಮ್ಮ ಕೋಣೆಗೆ ಹೋದ ತಿಂಗಳು ಗಿರೀಶ ಎಂಬ ಹೊಸ ಪಾಲುದಾರ ಬಂದಿದ್ದಾನೆ. ತುಮಕೂರಿನವನು, ಡ್ರಾಫ್ಟ್ಸ್‌ಮನ್. ಗೆರೆ ಎಳೆಯುವ ಕಸುಬಿನವರಿಗೆ ಕೊಳೆ ಕಂಡರೆ ಆಗುವುದಿಲ್ಲವೋ ಏನೋ, ಮೊದಲ ಶುಕ್ರವಾರವೇ ಒದ್ದೆ ಬಟ್ಟೆ ಹಿಡಿದು ಕಿಟಕಿಗೆ ಮುತ್ತಿಗೆ ಹಾಕಿದ. ಅಲ್ಲಿ ಒಂದು ಹಸಿರು ಗಾಜಿನ ಬಾಟಲಿ. ಒಳಗೆ ಅರ್ಧದವರೆಗೆ ಬೆಳ್ಳಗೆ ಏನೋ ಗಟ್ಟಿಯಾಗಿ ಕೂತಿತ್ತು.

"ಇದೇನ್ ಗುರು, ಮೇಣಾನಾ? ಬಿಸಾಕ್ಲಾ?" ಅಂದ.

"ಅದನ್ನು ಮುಟ್ಟಬೇಡಿ ಮಾರಾಯ್ರೆ!"

ಹೀಗೆಂದದ್ದು ನಾನೇ. ಆದರೆ ಸ್ವರ ನನ್ನದಲ್ಲ. ನಾನು ಮೈಸೂರಿನವನು, ನಮ್ಮ ವಂಶದಲ್ಲಿ ಯಾರೂ ಯಾರನ್ನೂ ಮಾರಾಯ್ರೆ ಎಂದು ಕರೆದದ್ದಿಲ್ಲ. ಗಿರೀಶ ಹೆದರಿ ಬಾಟಲಿಯನ್ನು ಇದ್ದ ಕಡೆಯೇ ಇಟ್ಟ. ಆ ಸ್ವರ ಶೀನಣ್ಣನದು. ಶೀನಣ್ಣ ದೋಹಾ ಬಿಟ್ಟು ಮೂರು ವರ್ಷವಾಯಿತು. ಅವರ ಮಂಚದ ಮೇಲೆ ಈಗ ಗಿರೀಶ ಮಲಗುತ್ತಾನೆ.

ಇದು ನನ್ನ ಹಳೆಯ ಕಾಯಿಲೆ. ಮೂರನೇ ಕ್ಲಾಸಿನಲ್ಲಿ ಹೆಡ್‌ಮಾಸ್ತರರ ಸ್ವರದಲ್ಲಿ ಕಿಟಕಿಯಾಚೆಯಿಂದ "ಇವತ್ತು ಅರ್ಧ ದಿನ ರಜಾ" ಎಂದು ಕೂಗಿ ಎರಡು ತರಗತಿಗಳನ್ನು ಮನೆಗೆ ಕಳಿಸಿದವನು ನಾನು. ಆಮೇಲೆ ಬಿದ್ದ ಏಟುಗಳನ್ನು ತಿನ್ನುವಾಗ ಅತ್ತದ್ದು ಕೂಡ ಪಕ್ಕದ ಬೆಂಚಿನ ಸತೀಶನ ಥರ ಎಂದು ಮಾಸ್ತರರು ಇನ್ನೆರಡು ಬಿಟ್ಟರು. ಅತ್ತೆಯಂದಿರು, ಬಸ್ ಕಂಡಕ್ಟರು, ರೇಡಿಯೋದಲ್ಲಿ ವಾರ್ತೆ ಓದುವವರು, ಯಾರ ಗಂಟಲನ್ನೂ ನಾನು ಬಿಟ್ಟಿಲ್ಲ. ಈಗಲೂ ಮನೆಗೆ ಫೋನ್ ಮಾಡಿದರೆ ಅಮ್ಮ ಮೊದಲು ಕೇಳುವುದು, "ಯಾರು ನೀನು, ನಿಜ ಹೇಳು" ಎಂದು. ನಿಮಿಷಕ್ಕಿಷ್ಟು ಎಂದು ರಿಯಾಲು ಸುಟ್ಟುಕೊಂಡು ನಾನೇ ನಾನು ಎಂದು ರುಜುವಾತು ಮಾಡಬೇಕು. ಇಷ್ಟು ಸ್ವರಗಳ ನಡುವೆ ನನ್ನದು ಯಾವುದು ಎಂದು ನನಗೇ ಸರಿಯಾಗಿ ಗೊತ್ತಿಲ್ಲ.

ಬಾಟಲಿಯ ವಿಷಯಕ್ಕೆ ಬರುತ್ತೇನೆ. ಒಳಗಿರುವುದು ಮೇಣವಲ್ಲ, ತೆಂಗಿನೆಣ್ಣೆ. ಆದರೆ ಅದು ಮೊದಲು ಎಣ್ಣೆ ಬಾಟಲಿಯಲ್ಲ, ನೀರಿನದು. ಅಂಥಿಂಥ ನೀರಲ್ಲ. ಯುರೋಪಿನ ಯಾವುದೋ ಬೆಟ್ಟದ ಬುಡದಲ್ಲಿ ತಾನಾಗಿ ಗುಳ್ಳೆ ಏಳುತ್ತಾ ಉಕ್ಕುವ ಖನಿಜ ನೀರು. ಅದನ್ನು ಹಡಗಿನಲ್ಲಿ ತರಿಸಿ ದೋಹಾದ ಹೋಟೆಲುಗಳಿಗೆ ಮಾರುವ ಕಂಪನಿಯಲ್ಲಿ ನಾನು ಸೇಲ್ಸ್‌ಮನ್. ಸಮುದ್ರದ ನೀರನ್ನು ಕಾಯಿಸಿ ಉಪ್ಪು ಕಳೆದು ಕುಡಿಯುವ ಊರಿನಲ್ಲಿ, ಬೆಟ್ಟದ ನೀರನ್ನು ಸಮುದ್ರ ದಾಟಿಸಿ ತಂದು ಮಾರುವ ಕೆಲಸ. ಕಂಪನಿಯವರು ನನಗೆ ಒಂದು ನುಣುಪಾದ ಪುಸ್ತಿಕೆ ಕೊಟ್ಟಿದ್ದರು. ಅದರಲ್ಲಿ ನೀರಿನ ಚರಿತ್ರೆ. ಎಂದೋ ಒಂದು ಕಾಲದಲ್ಲಿ ಯಾವನೋ ಸೈನಿಕನ ಕುಂಟುಕುದುರೆ ಆ ಬುಗ್ಗೆಯಲ್ಲಿ ಕಾಲಿಟ್ಟು ನೆಟ್ಟಗಾಯಿತು. ಆಮೇಲೆ ಒಬ್ಬಳು ರಾಣಿಯ ಹೊಟ್ಟೆನೋವು ವಾಸಿಯಾಯಿತು. ಆಮೇಲೆ ಒಬ್ಬ ಔಷಧ ಅಂಗಡಿಯವನು ಅದನ್ನು ಬಾಟಲಿಗೆ ತುಂಬಿ ಬಿರಡೆ ಹಾಕಿದ. ಅದೇ ಗಾಜು, ಅದೇ ಹಸಿರು, ಇವತ್ತಿಗೂ.

ನಾನು ಆ ಪುಸ್ತಿಕೆಯನ್ನು ಬಾಯಿಪಾಠ ಮಾಡಿ ಹರಿಕಥೆಯ ಮಟ್ಟಕ್ಕೆ ಏರಿಸಿದ್ದೆ. ಹೋಟೆಲಿನ ಪರ್ಚೇಸ್ ಮ್ಯಾನೇಜರುಗಳ ಮುಂದೆ ನಿಂತು, ಕುದುರೆಗೆ ಕೆನೆತ, ರಾಣಿಗೆ ನರಳಾಟ ಸೇರಿಸಿ, ಕೊನೆಗೆ ಸ್ವರ ಇಳಿಸಿ ಹೇಳುತ್ತಿದ್ದೆ: ಬೆಟ್ಟದ ಮೇಲೆ ಬಿದ್ದ ಮಳೆ ಬಂಡೆಗಳ ಒಳಗೆ ಇಳಿದು, ಎಷ್ಟೋ ವರ್ಷ ಕತ್ತಲಲ್ಲಿ ಕಾಯ್ದು, ಭೂಮಿಯ ಉಸಿರನ್ನು ತುಂಬಿಕೊಂಡು ಮೇಲೆ ಬರುತ್ತದೆ ಎಂದು. ಇಂಗ್ಲಿಷಿನಲ್ಲಿ ಇದು ಇನ್ನೂ ಚೆನ್ನಾಗಿ ಕೇಳುತ್ತಿತ್ತು. ಆರ್ಡರೂ ಬರುತ್ತಿತ್ತು.

ಶೀನಣ್ಣನಿಗೆ ಮಾತ್ರ ಈ ಚರಿತ್ರೆಯ ಮೇಲೆ ಗೌರವವಿರಲಿಲ್ಲ. "ಅದರಲ್ಲಿ ಎಂತ ಉಂಟು ಮಾರಾಯ್ರೆ? ನಮ್ಮ ಮನೆಯ ಬಾವಿಗೆ ಅದಕ್ಕಿಂತ ಹಳೇ ಚರಿತ್ರೆ ಉಂಟು. ನಮ್ಮಲ್ಲಿ ಕುದುರೆ ಇರಲಿಲ್ಲ, ಬರೆಯುವವರೂ ಇರಲಿಲ್ಲ. ಅಷ್ಟೇ ವ್ಯತ್ಯಾಸ."

ಅವರು ಕಾರ್ಕಳದ ಕಡೆಯವರು, ಮನೆಮಾತು ತುಳು, ವಯಸ್ಸು ಐವತ್ತರ ಹತ್ತಿರ. ನಮ್ಮ ಕಂಪನಿಯ ಗೋದಾಮಿನಲ್ಲಿ ಹದಿನಾಲ್ಕು ವರ್ಷದಿಂದ ಸ್ಟೋರ್ ಕೀಪರ್. ಗೋದಾಮು ಊರಾಚೆ, ಸನಾಯಾ ಎಂದು ಎಲ್ಲರೂ ಕರೆಯುವ ಕಾರ್ಖಾನೆಗಳ ಬಯಲಿನಲ್ಲಿ. ಕೋಣೆಯಲ್ಲಿ ಅವರು ನನಗೆ ಅಣ್ಣನೂ ಹೌದು, ಅಡುಗೆಯವರೂ ಹೌದು. ಬೇಸಿಗೆಯಲ್ಲಿ ಇಲ್ಲಿ ಛಾವಣಿಯ ಟ್ಯಾಂಕಿನ ನೀರು ಕುದಿಯುತ್ತದೆ. ಗೀಜರಿನ ಸ್ವಿಚ್ ಆರಿಸಿ, ಅದರೊಳಗೆ ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿದು ಸ್ನಾನ ಮಾಡಬೇಕು ಎಂಬ ಗುಟ್ಟನ್ನು ಮೊದಲ ದಿನವೇ ಹೇಳಿಕೊಟ್ಟವರು ಅವರು. ಖಾಲಿ ಹಸಿರು ಬಾಟಲಿಯೊಂದನ್ನು ತೊಳೆದು, ಊರಿನಿಂದ ತಂದ ತೆಂಗಿನೆಣ್ಣೆಯನ್ನು ಅದರಲ್ಲಿ ತುಂಬಿಟ್ಟವರೂ ಅವರೇ. ಏಸಿಯ ತಂಪಿಗೆ ಎಣ್ಣೆ ಗಟ್ಟಿಯಾಗಿ ಬಾಟಲಿಯ ಸಪೂರ ಕುತ್ತಿಗೆಯಿಂದ ಇಳಿಯುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಬಾಲ್ಕನಿಯ ಬಿಸಿಲಿನಲ್ಲಿ ಅದನ್ನು ನಿಲ್ಲಿಸಿ, ಐದು ನಿಮಿಷ ಪಕ್ಕದಲ್ಲೇ ಕಾವಲು ಕೂರುತ್ತಿದ್ದರು.

"ಓಡಿಹೋಗಲ್ಲ ಶೀನಣ್ಣ, ಬನ್ನಿ ಒಳಗೆ" ಅಂದರೆ, "ಗಾಜು ಮಾರಾಯ್ರೆ. ಇಲ್ಲಿಯ ಬಿಸಿಲು ನಂಬುವ ಹಾಗಿಲ್ಲ" ಅನ್ನುತ್ತಿದ್ದರು.

ಗಾಜಿನ ವಿಷಯ ನನಗೂ ಗೊತ್ತಿತ್ತು. ಮೈಸೂರಿನಲ್ಲಿ ನಮ್ಮ ಬೀದಿಯ ಕೊನೆಯಲ್ಲಿ ಗೋಲಿಸೋಡಾ ತಯಾರಿಸುವ ಕರೀಂ ಸಾಬರಿದ್ದರು. ಮರದ ಪೆಟ್ಟಿಗೆಯಂಥ ಯಂತ್ರದಲ್ಲಿ ಬಾಟಲಿ ಕೂರಿಸಿ ಚಕ್ರ ತಿರುಗಿಸುವುದು. ಒಳಗೆ ಗ್ಯಾಸು ತುಂಬಿದ ಕೂಡಲೇ ಗೋಲಿ ಟಣ್ ಎಂದು ಮೇಲೆ ಕೂರುವುದು. ಆ ಸದ್ದು ಕೇಳಲಿಕ್ಕೆಂದೇ ನಾನು ಶಾಲೆಯಿಂದ ಸುತ್ತು ಹಾಕಿ ಬರುತ್ತಿದ್ದೆ. ಸಾಬರ ಕೆನ್ನೆಯಲ್ಲಿ ಕಿವಿಯವರೆಗೆ ಒಂದು ಗೀರು. ಬೇಸಿಗೆಯಲ್ಲಿ ತುಂಬಿದ ಬಾಟಲಿಗಳ ಮೇಲೆ ಒದ್ದೆ ಗೋಣಿತಾಟು ಹೊದಿಸಿ, ನಮ್ಮನ್ನು ಹತ್ತಿರ ಬಿಡುತ್ತಿರಲಿಲ್ಲ. "ಏಯ್, ದೂರ ನಿಂತ್ಕೊಳ್ರೋ. ಒಳಗೆ ಶೈತಾನ್ ಕೂತವ್ನೆ. ಅವನಿಗೆ ಬಿಸ್ಲು ತೋರಿಸ್ಬಾರ್ದು" ಎನ್ನುತ್ತಿದ್ದರು. ನಾನು ಆ ಮಾತನ್ನು ಅದೇ ಗೊಗ್ಗರು ಸ್ವರದಲ್ಲಿ ಹೇಳಿ ಮನೆಯವರನ್ನೆಲ್ಲ ನಗಿಸುತ್ತಿದ್ದೆ. ಸ್ವರ ಕಲಿತೆ. ಮಾತನ್ನು ಅಲ್ಲೇ ಬಿಟ್ಟು ಬಂದೆ.

ಇನ್ನು ನಮ್ಮ ಮ್ಯಾನೇಜರು ಶೇಷಾದ್ರಿ ಸಾರ್. ಬೆಂಗಳೂರಿನವರು, ಇಸ್ತ್ರಿ ಮಾಡಿದ ಮನುಷ್ಯ. ಮಾತಿಗೆ ಮುಂಚೆ ಒಂದು ಕೆಮ್ಮು, ಆಮೇಲೆ "ಏನ್ರೀ". ಇಂಥವರನ್ನು ದೇವರು ನನ್ನಂಥವರಿಗೆಂದೇ ಮಾಡಿರುತ್ತಾನೆ. ಅವರ ಸ್ವರ ಒಂದೇ ವಾರದಲ್ಲಿ ನನ್ನ ಗಂಟಲಿಗೆ ಬಂತು. ಒಂದು ದಿನ ಗೋದಾಮಿಗೆ ಫೋನ್ ಮಾಡಿ, "ಏನ್ರೀ ಶೀನಪ್ಪ, ನಿಮ್ಮ ಗೋದಾಮಲ್ಲಿ ಇಲಿ ಇದೆಯಂತೆ, ಹೆಸರೇನ್ರೀ ಅದ್ರದ್ದು?" ಎಂದೆ. ಶೀನಣ್ಣ ಕುರ್ಚಿಯಿಂದೆದ್ದು ನಿಂತುಕೊಂಡೇ, "ಹೆಸರು ಇಟ್ಟಿಲ್ಲ ಸಾರ್" ಅಂದರು. ಹತ್ತು ನಿಮಿಷ ಕಳೆದು ನಾನೇ ಮತ್ತೆ ಫೋನ್ ಮಾಡಿ ಗುಟ್ಟು ಒಡೆದಾಗ ಅವರು ನಕ್ಕ ನಗುವಿಗೆ ರಿಸೀವರು ನಡುಗಿತು.

ಆ ದಿನ ಸಂಜೆ ಅನ್ನ ಬಸಿಯುತ್ತಾ ಅವರು ನನ್ನ ಕಲೆಯ ವಿಮರ್ಶೆ ಮಾಡಿದರು. "ಲಾಯ್ಕ ಉಂಟು. ಆದರೆ ಸಾರ್ ಕೆಮ್ಮುವುದು ಒಂದೇ ಸಲ. ನೀವು ಎರಡು ಕೆಮ್ಮುತ್ತೀರಿ. ಒಂದು ಬಿಟ್ಟುಬಿಡಿ."

"ಎರಡನೇದು ನನ್ನ ಸಹಿ ಶೀನಣ್ಣ. ಚಿತ್ರ ಬರೆದವರು ಮೂಲೆಯಲ್ಲಿ ಹೆಸರು ಹಾಕ್ತಾರಲ್ಲ, ಹಾಗೆ" ಅಂದೆ. ನನ್ನ ಜಂಭ ನೋಡಿ.

ಈಗ ತೊಂಬತ್ತೈದರ ಆಗಸ್ಟಿಗೆ ಬರಬೇಕು. ಬರಲು ಮನಸ್ಸಿಲ್ಲದೆ ಇಷ್ಟು ಹೊತ್ತು ಕುದುರೆ, ಗೀಜರು ಎಂದು ಸುತ್ತುತ್ತಿದ್ದೆ, ನಿಮಗೆ ಗೊತ್ತಾಗಿರುತ್ತದೆ.

ಹೊರದೇಶದಿಂದ ಬಂದ ಬಾಟಲಿಯ ಮೇಲೆ ಅರಬ್ಬಿಯಲ್ಲಿ ಹೆಸರು, ತಯಾರಾದ ದಿನ, ಮುಗಿಯುವ ದಿನ ಇರುವ ಸ್ಟಿಕ್ಕರು ಅಂಟಿಸಿದ ಮೇಲೆಯೇ ನಾವು ಅಂಗಡಿಗೆ ಕಳಿಸುವುದು. ಆ ಕೆಲಸ ಗೋದಾಮಿನ ತಂಪು ಕೋಣೆಯಲ್ಲಿ, ಶೀನಣ್ಣನ ಕಣ್ಣ ಮುಂದೆ ನಡೆಯುತ್ತಿತ್ತು. ಆ ವಾರ ಒಂದು ಅಂಗಡಿಯವರು ಸ್ಟಿಕ್ಕರು ಸೊಟ್ಟಗಿದೆ ಎಂದು ಹತ್ತು ಪೆಟ್ಟಿಗೆ ವಾಪಸು ಕಳಿಸಿದ್ದರು. ಸಾರ್ ರೇಗಿದ್ದರು. ಶೀನಣ್ಣ ಮಂಕಾಗಿದ್ದರು. ಅವರನ್ನು ನಗಿಸಬೇಕು ಎಂದು ನನಗನ್ನಿಸಿತು. ನನ್ನ ಎಲ್ಲ ಕೇಡುಗಳೂ ಹೀಗೆ ಒಳ್ಳೆಯ ಉದ್ದೇಶದಿಂದಲೇ ಹೊರಡುತ್ತವೆ. ಬೆಳಿಗ್ಗೆ ಹತ್ತೂಕಾಲಿಗೆ ಆಫೀಸಿನಿಂದ ಫೋನ್ ಎತ್ತಿದೆ.

ಕೆಮ್ಮಿದೆ. ಮತ್ತೊಮ್ಮೆ ಕೆಮ್ಮಿದೆ. "ಏನ್ರೀ ಶೀನಪ್ಪ, ಸ್ಟಿಕ್ಕರ್ ಇನ್ನೂ ಸೊಟ್ಟಗೇ ಇದೆಯಂತೆ?"

"ಇಲ್ಲ ಸಾರ್, ಸರಿ ಉಂಟು. ನಾನೇ ನೋಡಿದ್ದು."

"ಟ್ಯೂಬ್‌ಲೈಟಲ್ಲಿ ನೋಡಿದ್ರೆ ಎಲ್ಲಾ ನೆಟ್ಟಗೇ ಕಾಣತ್ತೆ ಕಣ್ರೀ. ಆಚೆ ತಗೊಂಡ್ಹೋಗಿ. ಬಿಸಿಲಿಗೆ ಹಿಡಿದು ಒಂದೊಂದಾಗಿ ನೋಡಿ. ಒಂದು ಪ್ಯಾಲೆಟ್ ಪೂರ್ತಿ, ಅದರ ಮೇಲಿರೋ ಅಷ್ಟೂ ಪೆಟ್ಟಿಗೆ."

"ಬಿಸಿಲಿಗಾ ಸಾರ್? ಗ್ಯಾಸಿನ ಬಾಟ್ಲಿ ಅಲ್ವಾ ಸಾರ್?"

"ರೀ, ನಾನ್ ಹೇಳಿದ್ಮೇಲೆ ಮುಗೀತು. ಖಲಾಸ್."

ಆ ಕ್ಷಣ ನನಗೆ ಕರೀಂ ಸಾಬರ ನೆನಪಾಗಲಿಲ್ಲ ಎಂದು ಬರೆದುಬಿಡಬಹುದು. ಯಾರು ಪರೀಕ್ಷಿಸುತ್ತಾರೆ? ಆದರೆ ನೆನಪಾದರು. ಗೋಣಿತಾಟು ಕೂಡ ನೆನಪಾಯಿತು. ಹತ್ತು ನಿಮಿಷದಲ್ಲಿ ಏನಾಗುತ್ತದೆ, ಒಂದು ಪೆಟ್ಟಿಗೆ ಹೊರಗೆ ಬರುವಷ್ಟರಲ್ಲಿ ಮತ್ತೆ ಫೋನ್ ಮಾಡಿ ನಗಿಸುತ್ತೇನೆ ಅಂದುಕೊಂಡೆ. ರಿಸೀವರು ಇಡುತ್ತಿದ್ದ ಹಾಗೇ ಒಳಗಿನಿಂದ ನಿಜವಾದ ಒಂಟಿ ಕೆಮ್ಮು ಕೇಳಿತು. "ಏನ್ರೀ, ಹೋಟೆಲ್ ಅಪಾಯಿಂಟ್‌ಮೆಂಟ್ ಹನ್ನೊಂದಕ್ಕಲ್ವಾ? ಕಾರ್ ಹೊರಡ್ತಾ ಇದೆ. ಯಲ್ಲಾ, ಯಲ್ಲಾ." ಹೋದೆ. ಹೋಗುವಾಗ, ತಡವಾದಷ್ಟೂ ತಮಾಷೆ ಮಾಗುತ್ತದೆ ಎಂದು ಒಳಗೊಳಗೇ ನಕ್ಕೆ ಕೂಡ.

ಹೋಟೆಲಿನ ಪರ್ಚೇಸ್ ಮ್ಯಾನೇಜರು ಲೆಬನಾನಿನವನು, ರಸಿಕ. ಚಹಾ ತರಿಸಿದ. ನಾನು ಕುದುರೆಯನ್ನು ಕುಂಟಿಸಿದೆ, ರಾಣಿಯನ್ನು ನರಳಿಸಿದೆ. ಅವನು ತೊಡೆ ತಟ್ಟಿ ನಕ್ಕು, ಪಕ್ಕದ ಕೋಣೆಯ ಇಬ್ಬರನ್ನು ಕರೆದು ಇನ್ನೊಮ್ಮೆ ಹೇಳಿಸಿದ. ಎರಡನೇ ಸಲ ಇನ್ನೂ ಚೆನ್ನಾಗಿ ಬಂತು. ಎಷ್ಟೋ ವರ್ಷ ಕತ್ತಲಲ್ಲಿ ಕಾಯ್ದು ಎನ್ನುವಲ್ಲಿಗೆ ಬಂದಾಗ ನನ್ನ ಗಂಟಲು ತಾನಾಗಿ ನಡುಗಿತು. ಗಡಿಯಾರದಲ್ಲಿ ಹನ್ನೆರಡಾಗಲು ಹತ್ತು ನಿಮಿಷವಿತ್ತು. ಗೋದಾಮಿನ ಅಂಗಳದಲ್ಲಿ ಬಾಟಲಿ ಒಡೆದದ್ದೂ ಸುಮಾರು ಅದೇ ಹೊತ್ತಿಗೆ ಎಂದು ಆಮೇಲೆ ತಿಳಿಯಿತು.

ಒಂದೂವರೆ ಗಂಟೆ ಶೀನಣ್ಣ ಒಬ್ಬರೇ ಅಂಗಳದಲ್ಲಿ ನಿಂತು ನೋಡಿದ್ದರು. ಜೊತೆಯವರನ್ನು ಬಿಸಿಲಿಗೆ ಕರೆಯಲಿಲ್ಲವಂತೆ. ಒಂದೊಂದು ಬಾಟಲಿಯನ್ನೂ ಎತ್ತಿ, ಮುಖದ ಹತ್ತಿರ ತಂದು, ಸ್ಟಿಕ್ಕರಿನ ಅಂಚನ್ನು ಉಗುರಿನಿಂದ ಸವರಿ ಕೆಳಗಿಡುವುದು. ಮೂರನೇ ಸಾಲಿನ ಒಂದು ಬಾಟಲಿ ಅವರ ಕೈಯಲ್ಲೇ ಸಿಡಿಯಿತು. ಎಡಗಣ್ಣು ಹೋಯಿತು.

ಆಸ್ಪತ್ರೆಯಲ್ಲಿ ಅವರ ತಲೆಗೆಲ್ಲ ಬಿಳಿ ಪಟ್ಟಿ. ನನ್ನ ಹೆಜ್ಜೆಯ ಸದ್ದಿನಿಂದಲೇ ಗುರುತಿಸಿ, "ಬಂದಿರಾ? ಊಟ ಆಯ್ತಾ? ಫ್ರಿಜ್ಜಿನಲ್ಲಿ ಸಾರು ಉಂಟು, ಮುಗಿಸಿ, ಇಲ್ಲದಿದ್ರೆ ಹಾಳಾಗ್ತದೆ" ಎಂದರು. ಏನಾದರೂ ಹೇಳಬೇಕಿತ್ತು. ಇಪ್ಪತ್ತು ಜನರ ಸ್ವರ ಬರುವ ನನ್ನ ಬಾಯಲ್ಲಿ ಒಬ್ಬರದೂ ಬರಲಿಲ್ಲ.

ಶೇಷಾದ್ರಿ ಸಾರ್ ಹಣ್ಣಿನ ಬುಟ್ಟಿ ಹಿಡಿದು ಬಂದರು. ಕೆಟ್ಟ ಮನುಷ್ಯರಲ್ಲ. ಆದರೆ ಮಾಲೀಕರಿಗೆ ಉತ್ತರ ಕೊಡಬೇಕಾಗಿದ್ದವರು ಅವರು. "ಹದಿನಾಲ್ಕು ವರ್ಷ ಸರ್ವೀಸ್ ಆದವರು ನೀವು. ಬಿಸಿಲಿಗೆ ಯಾಕ್ರೀ ತಂದ್ರಿ?"

"ನೀವೇ ಫೋನ್ ಮಾಡಿದ್ದಲ್ವಾ ಸಾರ್?"

"ನಾನಾ? ನಾನ್ಯಾಕ್ರೀ ಮಾಡ್ಲಿ?"

"ಮಾಡಿದ್ದೀರಿ ಸಾರ್. ಪುಸ್ತಕದಲ್ಲಿ ಬರೆದಿದ್ದೇನೆ." ಫೋನಿನಲ್ಲಿ ಬಂದ ಪ್ರತಿ ಮಾತನ್ನೂ ಗಂಟೆ ಸಮೇತ ಬರೆದಿಡುವುದು ಅವರ ಅಭ್ಯಾಸ. ಹತ್ತೂಕಾಲು, ಸಾರ್ ಫೋನ್, ಬಿಸಿಲಲ್ಲಿ ಸ್ಟಿಕ್ಕರ್. ದುಂಡನೆಯ ಅಕ್ಷರ. ಆದರೆ ಪುಸ್ತಕ ಅವರದೇ ತಾನೆ? ತಪ್ಪು ಮುಚ್ಚಿಕೊಳ್ಳಲು ಆಮೇಲೆ ಯಾರಿಂದಲೋ ಬರೆಸಿರಬೇಕು ಎಂದು ಆಫೀಸಿನಲ್ಲಿ ಮಾತಾಯಿತು. ಹದಿನಾಲ್ಕು ವರ್ಷದಲ್ಲಿ ಒಂದು ಸುಳ್ಳೂ ಹೇಳದ ಮನುಷ್ಯ ಒಂದೇ ವಾರದಲ್ಲಿ ಸುಳ್ಳನಾದ. ಆ ಮಾತು ಆಗುವಾಗ ನಾನು ಅಲ್ಲೇ ಇದ್ದೆ. ಪೆನ್ನಿನ ಮುಚ್ಚಳ ತೆಗೆಯುತ್ತಿದ್ದೆ, ಹಾಕುತ್ತಿದ್ದೆ.

ಮೂರನೇ ವಾರ ಅವರು ಕೋಣೆಗೆ ಮರಳಿದರು. ನಾಲ್ಕನೇ ವಾರ ಸಾರ್ ಮತ್ತೆ ಬಂದು ಕೇಳಿದಾಗ, ಯಾರೂ ಎಣಿಸದ ಮಾತು ಹೇಳಿದರು. "ಫೋನ್ ಬರಲಿಲ್ಲ ಸಾರ್. ನನ್ನ ತಲೆಗೇ ಹಾಗೆ ಕಂಡದ್ದು. ತಪ್ಪು ನನ್ನದೇ."

ಹಾಗೆಂದ ಮೇಲೆ ಉಳಿದದ್ದೇನು? ವೀಸಾ ಕ್ಯಾನ್ಸಲ್. ಎರಡು ವಾರದೊಳಗೆ ಊರಿಗೆ. ಒಂದು ಕಣ್ಣಿನ ಸ್ಟೋರ್ ಕೀಪರು, ಅದೂ ಬಾಟಲಿಗಳನ್ನು ಬಿಸಿಲಿಗಿಟ್ಟ ಬುದ್ಧಿಗೇಡಿ ಎಂಬ ಹೆಸರು ಹೊತ್ತು.

ಕಾಗದ ತಯಾರಾದ ದಿನ ನಾನು ಶೇಷಾದ್ರಿ ಸಾರ್ ಕೋಣೆಗೆ ಹೋಗಿ ಬಾಗಿಲು ಹಾಕಿದೆ. "ಸಾರ್, ಫೋನ್ ಬಂದದ್ದು ನಿಜ. ಮಾಡಿದ್ದು ನಾನು. ನಿಮ್ಮ ಸ್ವರದಲ್ಲಿ."

ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು. "ನೀವು ಅವರ ರೂಮ್‌ಮೇಟ್ ಅಲ್ವಾ? ಬೇಜಾರಾಗಿದೆ, ಅರ್ಥ ಆಗತ್ತೆ. ಆದ್ರೆ ಅವರೇ ಒಪ್ಕೊಂಡಿದಾರಲ್ಲ, ಫೋನೇ ಬಂದಿಲ್ಲ ಅಂತ. ಈಗ ನೀವು ಈ ನಾಟಕ ಆಡಿ ಅವರನ್ನ ಉಳಿಸೋಕಾಗಲ್ಲ."

"ನಾಟಕ ಅಲ್ಲ ಸಾರ್."

"ಸರಿ. ಮಾಡಿ ನೋಡೋಣ. ನಾನು ಹೇಗೆ ಮಾತಾಡ್ತೀನಿ?"

ಬಾಯಿ ತೆರೆದೆ. ಒಂದು ಕೆಮ್ಮು ಬಂತು, ಅದೂ ಬರಿ ಕೆಮ್ಮು. "ಏನ್ರೀ" ಅಂದೆ. ಅದು ಹೆದರಿದ ಕುರಿಯ ಹಾಗಿತ್ತು. ಮತ್ತೊಮ್ಮೆ ಅಂದೆ. ಇನ್ನೂ ಕೆಟ್ಟದಾಗಿತ್ತು. ಸಾರ್ ಮುಖದಲ್ಲಿ ಮರುಕ ಕಂಡಿತು. "ನಾನು ಹೀಗಾ ಮಾತಾಡೋದು? ಹೋಗ್ರೀ, ಮುಖ ತೊಳ್ಕೊಂಡು ಕೆಲಸ ನೋಡಿ."

ಆ ದಿನ ಸ್ವರ ಬರಲಿಲ್ಲವೋ, ಬರಗೊಡದೆ ನಾನೇ ಗಂಟಲು ಹಿಡಿದುಕೊಂಡೆನೋ, ಮೂರು ವರ್ಷ ಕೂತು ಯೋಚಿಸಿದ್ದೇನೆ. ತೀರ್ಮಾನವಾಗಿಲ್ಲ. ಬಾಗಿಲಿನಿಂದ ಹೊರಗೆ ಬಂದಾಗ ಎದೆ ಹಗುರಾದದ್ದು ಮಾತ್ರ ನಿಜ. ಹೇಳಬೇಕಾದ್ದನ್ನು ಹೇಳಿದೆ, ನಂಬದಿದ್ದರೆ ನಾನೇನು ಮಾಡಲಿ ಎಂದು ಸಮಾಧಾನ ಪಟ್ಟುಕೊಳ್ಳುವಷ್ಟು ಹಗುರ.

ಶೀನಣ್ಣ ಹೊರಡುವ ಬೆಳಿಗ್ಗೆ ಕೋಣೆಯಲ್ಲಿ ಹಗ್ಗ ಬಿಗಿದ ಎರಡು ಪೆಟ್ಟಿಗೆ, ಒಂದು ಬ್ಯಾಗು. ಕಪ್ಪು ಕನ್ನಡಕ ಹಾಕಿಕೊಂಡಿದ್ದರು. ಎಣ್ಣೆಯ ಬಾಟಲಿಯನ್ನು ಎತ್ತಿ ನೋಡಿ ಕಿಟಕಿಯಲ್ಲೇ ಇಟ್ಟರು. "ಇದು ಇಲ್ಲೇ ಇರಲಿ. ವಿಮಾನದಲ್ಲಿ ಒಡೆದರೆ ಬಟ್ಟೆ ಎಲ್ಲ ಹಾಳು." ಆಮೇಲೆ ಮಂಚದ ಮೇಲೆ ಕೂತು, ಟ್ಯಾಕ್ಸಿ ಬರಲು ಇನ್ನೂ ಹೊತ್ತಿದೆ ಎನ್ನುವ ಹಾಗೆ ಹೇಳಿದರು:

"ಒಮ್ಮೆ ಸಾರಿನ ಸ್ವರ ಮಾಡಿ ಮಾರಾಯ್ರೆ. ಊರಲ್ಲಿ ನನಗೆ ಇದನ್ನೆಲ್ಲ ಯಾರು ಮಾಡಿ ತೋರಿಸ್ತಾರೆ?"

"ಈಗ ಬೇಡ ಶೀನಣ್ಣ."

"ಮಾಡಿ. ಇಲಿಯ ಹೆಸರು ಕೇಳಿದ್ರಲ್ಲ, ಅದು."

ಮಾಡಿದೆ. ಗಂಟಲಿಗೆ ಎಣ್ಣೆ ಸವರಿದ ಹಾಗೆ ಬಂತು. ಕೆಮ್ಮು, ಮತ್ತೊಂದು ಕೆಮ್ಮು, ಏನ್ರೀ ಶೀನಪ್ಪ. ಶೇಷಾದ್ರಿ ಸಾರ್ ಸ್ವತಃ ಕೋಣೆಯೊಳಗೆ ಬಂದು ನಿಂತರೂ ಇಷ್ಟು ಚೆನ್ನಾಗಿ ಕೇಳುತ್ತಿರಲಿಲ್ಲ. ಶೀನಣ್ಣ ತಲೆ ತಗ್ಗಿಸಿ ಕೇಳುತ್ತಿದ್ದರು. ಬಲಗೈಯ ಬೆರಳು ಮಡಚಿದರು. ಒಂದು. ಎರಡು.

"ಹೌದು" ಅಂದರು. "ಆ ದಿವಸವೂ ಎರಡೇ ಇತ್ತು. ಆಸ್ಪತ್ರೆಯಲ್ಲಿ ಕಣ್ಣಿಗೆ ಪಟ್ಟಿ ಕಟ್ಟಿ ಮಲಗಿದಾಗ ಬೇರೆ ಎಂತ ಕೆಲಸ? ಆ ಫೋನನ್ನೇ ಮತ್ತೆ ಮತ್ತೆ ಕೇಳಿದೆ. ಎರಡನೇ ಕೆಮ್ಮು ಕೇಳಲಿಕ್ಕೆ ನನಗೆ ಮೂರು ವಾರ ಬೇಕಾಯಿತು."

"ಮತ್ತೆ ಸಾರ್ ಹತ್ರ ಯಾಕೆ ಹೇಳಲಿಲ್ಲ?"

"ಹೇಳಿದರೆ ಕಣ್ಣು ಬರ್ತದಾ?" ಅಂದರು. ಬ್ಯಾಗಿನ ಜಿಪ್ ಎಳೆದು, "ನೀವೇ ಹೇಳ್ತೀರಾ ಅಂತ ಕಾದೆ. ಸಾರಿಗಲ್ಲ. ನನಗೆ" ಅಂದರು.

ಕೆಳಗೆ ಟ್ಯಾಕ್ಸಿಯ ಹಾರ್ನ್ ಕೇಳಿತು. ಪೆಟ್ಟಿಗೆಗಳನ್ನು ಎರಡು ಸಲ ಇಳಿಸಿ ಬಂದು, ಕೊನೆಗೆ ಬ್ಯಾಗು ಎತ್ತಿಕೊಂಡೆ. ಮೆಟ್ಟಿಲಿನಲ್ಲಿ ಅಭ್ಯಾಸದಂತೆ ಅವರ ಎಡಗಡೆಗೆ ನಿಂತೆ. ಎಡಗಡೆಯಲ್ಲಿದ್ದರೆ ನಾನು ಅವರಿಗೆ ಕಾಣುವುದಿಲ್ಲ. ಅವರು ಕೋಣೆಗೆ ಮರಳಿದಾಗಿನಿಂದ ಊಟಕ್ಕೆ ಕೂತಾಗ, ನಡೆಯುವಾಗ, ಟಿವಿ ನೋಡುವಾಗ, ನಾನು ಆ ಬದಿಯಲ್ಲೇ ಇರುತ್ತಿದ್ದೆ. ಅದನ್ನು ಅವರು ಗಮನಿಸಿಲ್ಲ ಎಂದುಕೊಂಡಿದ್ದೆ.

ಅವರು ಮೊದಲ ಮೆಟ್ಟಿಲಿನಲ್ಲೇ ನಿಂತರು. ಗೋಡೆಗೆ ಕೈ ಊರಿ, ನನ್ನ ಕಡೆಗೆ ತಿರುಗದೆ ಹೇಳಿದರು.

"ಈಚೆ ಬದಿ ಬನ್ನಿ."

ಬ್ಯಾಗಿನ ಕೈ ಬದಲಿಸಿ ಬಲಗಡೆಗೆ ಬಂದೆ. ಅವರು ಕಪ್ಪು ಕನ್ನಡಕ ತೆಗೆದು ಜೇಬಿಗೆ ಹಾಕಿಕೊಂಡರು. ಮೂರು ಮಹಡಿ ಇಳಿಯುವವರೆಗೂ ನನ್ನನ್ನು ನೋಡುತ್ತಲೇ ಇಳಿದರು.